ಅಜ್ಜನ ಕಣ್ಣಿನ ಬೇರು

ತೊಂಗಾ ನಾಡಿನ ನಮ್ಮ ಮೊತುಹೀವಾ ದ್ವೀಪದಲ್ಲಿ ಅಕೊಸಿತಾಗೆ ಎದುರುತ್ತರ ಕೊಟ್ಟವರನ್ನು ಯಾರೂ ಕಂಡಿರಲಿಲ್ಲ. ಪಾದ್ರಿಗಳು ಕೂಡ ಅವಳ ಮುಂದೆ ದನಿ ತಗ್ಗಿಸಿಯೇ ಮಾತಾಡುತ್ತಿದ್ದರು. ಹಾಗೆಂದು ಅವಳೇನೂ ದೊಡ್ಡ ಮನೆತನದವಳಲ್ಲ. ಬೆಳಗಾದರೆ ಮರದ ಕೊರಡಿನ ಮುಂದೆ ಕೂತು ಗಿಡದ ತೊಗಟೆಯನ್ನು ಕೊಡತಿಯಿಂದ ಬಡಿದು, ಹಿಗ್ಗಿಸಿ, ನಾರುಬಟ್ಟೆ ಮಾಡುವವಳು. ಬಣ್ಣ ಬಳಿದು ಬಳಿದು ಅವಳ ಅಂಗೈ ಯಾವತ್ತೂ ಕಂದುಬಣ್ಣಕ್ಕೇ ಇರುತ್ತಿತ್ತು. ಆದರೆ ಅವಳು ಸೋದರತ್ತೆ. ತೊಂಗಾದಲ್ಲಿ ಆ ಸ್ಥಾನಕ್ಕಿಂತ ಮೇಲಿರುವುದು ಅರಸರು ಮತ್ತು ದೇವರು ಮಾತ್ರ. ಮನೆಯೊಳಗೆ ಬಂದರೆ ಅರಸರೂ ಸ್ವಲ್ಪ ಸರಿದು ಕೂರಬೇಕು.

ತಮ್ಮನ ಮನೆಯಲ್ಲಿ ಸಾವಾದರೆ ಹೆಣದ ತಲೆಯ ಬಳಿ ಕೂರುವವಳು ಅವಳು. ಉಡುಗೊರೆಯಾಗಿ ಬಂದ ಚಾಪೆಗಳಲ್ಲಿ ಒಳ್ಳೆಯದು ಅವಳಿಗೆ. ಹಂದಿಮರಿ ಸುಟ್ಟರೆ ಮೊದಲ ತುಂಡು ಅವಳಿಗೆ. ತಮ್ಮನ ಮಕ್ಕಳಿಗೆ ಯಾವ ಹೆಸರು, ಯಾವ ಶಾಲೆ, ಯಾವ ಮದುವೆ ಎಂಬುದಕ್ಕೆಲ್ಲ ಅವಳ ಬಾಯಿಂದ ಹೂಂ ಬರಬೇಕು. ಅವಳು ಉಹೂಂ ಅಂದಮೇಲೆ ಹೆತ್ತವರು ಬಾಯಿ ತೆರೆಯುವ ಹಾಗಿಲ್ಲ. ಇದನ್ನು ಯಾರೂ ದಬ್ಬಾಳಿಕೆ ಎಂದುಕೊಂಡಿರಲಿಲ್ಲ. ಅಕೊಸಿತಾ ಕೂಡ ತನ್ನ ಸೋದರತ್ತೆಯ ಮುಂದೆ ತಲೆ ತಗ್ಗಿಸಿಯೇ ಬೆಳೆದವಳು.

ಅವಳಿಗೆ ಸ್ವಂತ ಮಕ್ಕಳಿರಲಿಲ್ಲ. ಗಂಡ ಸರಕು ಹಡಗಿನಲ್ಲಿ ಕೆಲಸಕ್ಕೆಂದು ಹೋದವನು ಯಾವುದೋ ಬಂದರಿನಲ್ಲಿ ಇನ್ನೊಂದು ಸಂಸಾರ ಹೂಡಿದ ಎಂದು ಸುದ್ದಿ ಬಂತು. ಅವಳು ಅತ್ತದ್ದನ್ನು ಯಾರೂ ನೋಡಲಿಲ್ಲ. ತಮ್ಮ ಸ್ಯೋಸಿಫಾನ ಹೆಂಡತಿ ವಿಕಾ ಮೂರನೆಯ ಬಾಣಂತನದಲ್ಲಿ ಹೆಣ್ಣುಮಗು ಹೆತ್ತಾಗ, ಅಕೊಸಿತಾ ಹೋಗಿ ಮಗುವನ್ನು ಎತ್ತಿಕೊಂಡು, ಮೆಲೆನಾಯ್ತೆ ಎಂದು ಹೆಸರಿಟ್ಟು, ಹಾಲು ಬಿಡಿಸಿದ ಮೇಲೆ ತನ್ನ ಮನೆಗೇ ಕರೆದುಕೊಂಡು ಬಂದಳು. ವಿಕಾ ಬೇಡ ಅನ್ನಲಿಲ್ಲ. ಎರಡು ಮನೆಗಳ ನಡುವೆ ಒಂದು ದೀವಿ ಹಲಸಿನ ಮರ ಮಾತ್ರ ಇತ್ತು. ತಾಯಿ ಅಲ್ಲಿಂದಲೇ ಮಗಳ ದನಿ ಕೇಳುತ್ತಾ ದಿನ ಕಳೆದಳು.

ಮೆಲೆನಾಯ್ತೆ ಹನ್ನೆರಡು ವರ್ಷದವಳಾದಳು. ತೆಳ್ಳಗೆ, ಉದ್ದಕ್ಕೆ, ಮಾತಿಗೆ ಮುಂಚೆ ನಗು. ಅತ್ತೆಗೆ ಹತ್ತಿರದ ನೋಟ ಮಂಜಾಗುತ್ತಾ ಬಂದಾಗ ಸೂಜಿಗೆ ದಾರ ಪೋಣಿಸಿಕೊಡುವುದು ಅವಳ ಕೆಲಸವಾಯಿತು. ಎಂಜಲು ಹಚ್ಚಿ, ಒಂದೇ ಏಟಿಗೆ ಪೋಣಿಸಿ, "ತಗೊಳ್ಳಿ ಅತ್ತೆ, ಕಣ್ಣಿದ್ದವರ ಕೆಲಸ ಇದು" ಎಂದು ಕಿಚಾಯಿಸುತ್ತಿದ್ದಳು. ಬೇರೆ ಯಾರಾದರೂ ಹಾಗೆ ಅಂದಿದ್ದರೆ ಕೊಡತಿ ಹಾರುತ್ತಿತ್ತು.

ಆ ವರ್ಷ ಏಪ್ರಿಲ್‌ನಲ್ಲಿ ದ್ವೀಪಕ್ಕೆಲ್ಲ ನೆಗಡಿ ಬಂತು. ಚರ್ಚಿನಲ್ಲಿ ಹಾಡಿಗಿಂತ ಸೀನೇ ಜೋರಾಗಿತ್ತು. ಎಲ್ಲರ ನೆಗಡಿ ಇಳಿಯಿತು, ಮೆಲೆನಾಯ್ತೆಯದೂ ಇಳಿದಂತೆ ಕಂಡಿತು. ಆಮೇಲೆ ಇದ್ದಕ್ಕಿದ್ದಂತೆ ತಿರುಗಿ ಬಂತು. ಈ ಸಲ ನೀರಲ್ಲ, ಹಳದಿ ಹಸಿರು ಗೊಣ್ಣೆ, ವಾಸನೆ ಬೇರೆ. ತೊಗಟೆ ನೆನೆಹಾಕಲು ಬಗ್ಗಿದರೆ ಹಣೆ ಹಿಡಿದುಕೊಂಡು ಕೂತುಬಿಡುತ್ತಿದ್ದಳು. ಶಾಲೆಯಲ್ಲಿ ಹುಡುಗರು ಗೊಣ್ಣೆಸುರುಕಿ ಎಂದು ಹೆಸರಿಟ್ಟರು. ಅಕೊಸಿತಾ ಶಾಲೆಯವರೆಗೂ ಹೋಗಿ ಆ ಹುಡುಗರ ಅಮ್ಮಂದಿರ ವಿಚಾರವನ್ನೆಲ್ಲ ಬಯಲಿಗೆಳೆದು ಬಂದಳು. ಮನೆಗೆ ಬಂದು ಎಲೆ ಜಜ್ಜಿ, ಬಟ್ಟೆಯಲ್ಲಿ ಹಿಂಡಿ, ಮಗುವಿನ ಮೂಗಿಗೆ ತೊಟ್ಟು ತೊಟ್ಟಾಗಿ ಬಿಟ್ಟಳು. ತನ್ನ ಅಜ್ಜಿ ತನಗೆ ಬಿಟ್ಟದ್ದೂ ಅದೇ ಎಲೆ. ಮಗು ಉರಿ ಎಂದು ಚೀರಿತು, ಒಂದಿಷ್ಟು ಗೊಣ್ಣೆ ಬಂತು, ನೋವು ಹೋಗಲಿಲ್ಲ.

ದ್ವೀಪದ ದವಾಖಾನೆಯ ದಾದಿ ಲವಿನಿಯಾ. ಪಕ್ಕದ ದ್ವೀಪವನ್ನೂ ಅವಳೇ ನೋಡಿಕೊಳ್ಳಬೇಕಿದ್ದರಿಂದ ಅರ್ಧ ವಾರ ಅಲ್ಲಿ, ಅರ್ಧ ವಾರ ಇಲ್ಲಿ. ಅಕೊಸಿತಾ ಮಗುವನ್ನು ಕರೆದುಕೊಂಡು ಅವಳ ಹತ್ತಿರವೂ ಹೋದಳು. ಹೋಗಲಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ. ಲವಿನಿಯಾ ಮಗುವಿನ ಹುಬ್ಬಿನ ಮೇಲೆ, ಕೆನ್ನೆಯ ಮೇಲೆ ಹೆಬ್ಬೆಟ್ಟಿನಿಂದ ಒತ್ತಿದಳು. ಬಲಗಡೆ ಒತ್ತಿದಾಗ ಮಗು ಹಲ್ಲು ಕಚ್ಚಿತು.

"ನೋಡಿ ಅಕೊಸಿತಕ್ಕ," ಅಂದಳು ಲವಿನಿಯಾ, "ಹಣೆ ಒಳಗೆ, ಮೂಗಿನ ಅಕ್ಕಪಕ್ಕ, ಕಣ್ಣಿನ ಮಗ್ಗುಲಲ್ಲಿ ಮೂಳೆ ಗಟ್ಟಿಯಾಗಿಲ್ಲ, ಟೊಳ್ಳು. ಪುಟ್ಟ ಪುಟ್ಟ ಕೋಣೆಗಳ ಥರ. ಒಂದೊಂದು ಕೋಣೆಗೂ ಮೂಗಿನ ಕಡೆಗೆ ಒಂದು ಸಣ್ಣ ಕಿಂಡಿ ಇರುತ್ತೆ. ನೆಗಡಿಯಾದಾಗ ಕಿಂಡಿ ಊದಿ ಮುಚ್ಕೊಳ್ಳುತ್ತೆ. ಒಳಗಿನ ನೀರಿಗೆ ಹೊರಗೆ ಬರೋ ದಾರಿ ಇಲ್ದೆ ಅಲ್ಲೇ ನಿಂತು ಕೀವಾಗುತ್ತೆ. ಬಗ್ಗಿದ್ರೆ ಹಣೆ ಸಿಡಿಯೋದು ಅದಕ್ಕೇ."

"ನನ್ನ ತಮ್ಮನ ಮಗಳ ತಲೆ ಟೊಳ್ಳು ಅಂತೀಯ?"

"ನಿಮ್ಮದೂ ಟೊಳ್ಳೇ, ನನ್ನದೂ ಟೊಳ್ಳೇ ಬಿಡಿ," ಎಂದು ಲವಿನಿಯಾ ನಕ್ಕಳು. ಕಾಯುತ್ತಾ ಕೂತಿದ್ದ ಹೆಂಗಸರೂ ನಕ್ಕರು. ಅಕೊಸಿತಾ ನಗಲಿಲ್ಲ, ಆದರೆ ಮಗು ನಕ್ಕಿದ್ದರಿಂದ ಸುಮ್ಮನಾದಳು.

ಲವಿನಿಯಾ ಮಾತ್ರೆ ಕೊಟ್ಟಳು. ಕುದಿಸಿ ಆರಿಸಿದ ನೀರಿಗೆ ಉಪ್ಪು ಹಾಕಿ ಒಂದು ಹೊಳ್ಳೆಯಿಂದ ಬಿಟ್ಟು ಇನ್ನೊಂದರಿಂದ ಇಳಿಸುವುದನ್ನು ಮಾಡಿ ತೋರಿಸಿದಳು. ಮಗುವಿಗೆ ಅದು ಎಲೆರಸದಷ್ಟು ಉರಿಯಲಿಲ್ಲ. ಬಹಳಷ್ಟು ಜನಕ್ಕೆ ಇದು ತಾನಾಗಿಯೇ ವಾಸಿಯಾಗುತ್ತದೆ, ಆದರೆ ಕಡಿಮೆಯಾಗಿ ಮತ್ತೆ ಏರಿದ್ದು ಒಳ್ಳೆಯ ಲಕ್ಷಣವಲ್ಲ ಎಂದಳು. ಹೊರಡುವಾಗ ಬಾಗಿಲವರೆಗೂ ಬಂದು ಅಕೊಸಿತಾಳ ಕೈ ಹಿಡಿದುಕೊಂಡಳು.

"ಆ ಕೋಣೆಗೂ ಕಣ್ಣಿಗೂ ನಡುವೆ ಇರೋದು ಕಾಗದದಷ್ಟು ತೆಳ್ಳಗಿನ ಗೋಡೆ. ರೆಪ್ಪೆ ಊದಿದ್ರೆ, ಒಂದು ಎರಡಾಗಿ ಕಂಡ್ರೆ, ನನ್ನನ್ನೂ ಕಾಯ್ಬೇಡಿ. ಸಿಕ್ಕಿದ ದೋಣಿ ಹತ್ತಿ ದೊಡ್ಡ ಆಸ್ಪತ್ರೆ ಇರೋ ಪಾಂಗಾಯ್‌ಗೆ ಹೊರಟುಬಿಡಿ."

ಈ ಮಾತು ಅಕೊಸಿತಾಗೆ ಚೆನ್ನಾಗಿ ನೆನಪಿತ್ತು. ಅದೇ ಅವಳ ಗ್ರಹಚಾರ.

ಮಾತ್ರೆ ತೆಗೆದುಕೊಂಡ ಮೇಲೆ ಮೊದಲು ಸ್ವಲ್ಪ ಹಗುರವಾಯಿತು. ಆಮೇಲೆ ಜ್ವರ ಏರಿತು, ಮಗು ತಿಂದದ್ದನ್ನೂ ಮಾತ್ರೆಯನ್ನೂ ಕಕ್ಕತೊಡಗಿತು. ಬಲಗಡೆಯ ಹುಬ್ಬಿನ ಕೆಳಗೆ ಯಾರೋ ಒಳಗಿನಿಂದ ಮೊಳೆ ಹೊಡೆಯುತ್ತಿದ್ದಾರೆ ಎಂದು ಅಳುತ್ತಿತ್ತು. ಅಕೊಸಿತಾ ಮಗುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕೊಬ್ಬರಿ ಎಣ್ಣೆ ಹಚ್ಚಿ, ಹಣೆ ಉಜ್ಜುತ್ತಾ ಕೂತಲ್ಲೇ ತೂಕಡಿಸಿದಳು. ಆಗ ಅವಳಿಗೆ ಅಪ್ಪ ಕನಸಿನಲ್ಲಿ ಬಂದರು.

ಅಪ್ಪ ಮೊಸೆಸೆ ಸತ್ತು ಇಪ್ಪತ್ತು ವರ್ಷ ದಾಟಿತ್ತು. ಬಿಳಿ ಮರಳು ಗುಡ್ಡೆ ಹಾಕಿ, ಹವಳದ ಚೂರು ಒತ್ತಿ ಮಾಡಿದ ಗೋರಿ. ಗೋರಿಯ ತಲೆಯ ಕಡೆಗೆ ಹೆಯ್ಲಾಲಾ ಗಿಡ ನೆಟ್ಟವಳು ಅಕೊಸಿತಾ. ಅಷ್ಟು ಹತ್ತಿರ ನೆಡಬೇಡ, ಬೇರು ಇಳಿಯುತ್ತದೆ ಎಂದು ಹಿರಿಯರು ಹೇಳಿದ್ದರು. ಅಪ್ಪನಿಗೆ ಆ ಹೂವಿನ ವಾಸನೆ ಇಷ್ಟ ಎಂದು ಹಟ ಹಿಡಿದು ನೆಟ್ಟಳು. ಗಂಡ ಬಿಟ್ಟುಹೋದ ವರ್ಷ ಅದು. ಅಪ್ಪನ ಬಳಿ ಕೂತು ಅಳಲು ಅವಳಿಗೊಂದು ನೆರಳು ಬೇಕಿತ್ತು. ಗಿಡ ಮರವಾಯಿತು, ಕೆಂಪು ಹೂ ಬಿಟ್ಟಿತು, ಹಿರಿಯರ ಮಾತು ಮರೆತುಹೋಯಿತು.

ಸತ್ತವರ ಮೂಳೆಗೆ ಬೇರು ಚುಚ್ಚಿದರೆ ಬದುಕಿರುವ ಬಳಗದಲ್ಲಿ ಯಾರಿಗೋ ಅದೇ ಜಾಗದಲ್ಲಿ ನೋವು ಬರುತ್ತದೆ ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಗೋರಿ ತೆಗೆಸಿ, ಬೇರು ಕಿತ್ತು, ಮೂಳೆಗೆ ಎಣ್ಣೆ ಹಚ್ಚಿ ಹೊಸ ಬಟ್ಟೆ ಸುತ್ತಿ ಮಲಗಿಸಿದ ಮೇಲೆ ಸೊಂಟ ನೋವು ಬಿಟ್ಟವರು, ಮಂಡಿ ನೋವು ಬಿಟ್ಟವರು ಪ್ರತಿ ದ್ವೀಪದಲ್ಲೂ ಇದ್ದಾರೆ. ಅದನ್ನು ನಂಬಿದ್ದಕ್ಕೆ ಅಕೊಸಿತಾಳನ್ನು ಯಾರೂ ನಗಾಡಬೇಕಾಗಿಲ್ಲ. ಅವಳು ಎಡವಿದ್ದು ಬೇರೆ ಕಡೆ.

ಮಂಗಳವಾರ ಬೆಳಿಗ್ಗೆ ಮಗುವಿನ ಬಲಗಣ್ಣಿನ ರೆಪ್ಪೆ ಊದಿತ್ತು. ವಿಕಾ ದೀವಿ ಹಲಸಿನ ಮರ ದಾಟಿ ಬಂದು ಹೊಸ್ತಿಲ ಬಳಿ ಕೂತಳು. ಸ್ಯೋಸಿಫಾ ಹೊರಗೆ ಅಂಗಳದಲ್ಲಿ ನಿಂತ; ಅಕ್ಕ ಇರುವ ಸೂರಿನೊಳಗೆ ತಮ್ಮ ಬರುವಂತಿಲ್ಲ. ಲವಿನಿಯಾ ಪಕ್ಕದ ದ್ವೀಪಕ್ಕೆ ಹೋಗಿದ್ದಳು. ಮರುದಿನ, ಬುಧವಾರ, ವಾರದ ಹಡಗು.

"ಅಕ್ಕಾ," ಅಂದಳು ವಿಕಾ, ಚಾಪೆಯ ಅಂಚು ನೋಡುತ್ತಾ. "ನಾಳೆ ಹಡಗಿಗೆ ಇವಳನ್ನ ಪಾಂಗಾಯ್‌ಗೆ ಕರ್ಕೊಂಡು ಹೋಗ್ಲಾ? ರೆಪ್ಪೆ ಊದಿದೆ. ಲವಿನಿಯಾ ಹೇಳಿದ್ದು ಇದನ್ನೇ ಅಲ್ವಾ?"

ಮದುವೆಯಾಗಿ ಬಂದಮೇಲೆ ಗಂಡನ ಅಕ್ಕನ ಮುಂದೆ ಅವಳು ಇಷ್ಟುದ್ದ ಮಾತಾಡಿದ್ದು ಅದೇ ಮೊದಲು.

"ಅಪ್ಪ ಕನಸಲ್ಲಿ ಬಂದಿದ್ರು," ಅಂದಳು ಅಕೊಸಿತಾ. "ಬಲಗಣ್ಣನ್ನ ಅಂಗೈಲಿ ಮುಚ್ಕೊಂಡು ನಿಂತಿದ್ರು. ನನ್ನನ್ನೇ ನೋಡಿದ್ರು. ಆ ಗಿಡ ನೆಟ್ಟೋಳು ನಾನು, ವಿಕಾ. ನಾಳೆ ಗೋರಿ ತೆಗೆಸ್ಬೇಕು."

ಅಂಗಳದಿಂದ ಸ್ಯೋಸಿಫಾ ಅಕ್ಕ ಹೇಳಿದ ಹಾಗೇ ಆಗಲಿ ಎಂದ. ಅಪ್ಪನ ಕಣ್ಣಲ್ಲಿ ಬೇರು ಎಂದು ಕೇಳಿದ ಮಗ ಇನ್ನೇನು ತಾನೇ ಹೇಳುತ್ತಾನೆ?

ವಿಕಾ ಆಗಲೂ ಏಳಲಿಲ್ಲ. "ಎರಡೂ ಮಾಡೋಣ ಅಕ್ಕಾ. ನೀವು ಗೋರಿ ತೆಗೆಸಿ. ನಾನು ಇವಳನ್ನ ಕರ್ಕೊಂಡು ಹಡಗು ಹತ್ತುತೀನಿ."

ಇಲ್ಲಿ ಅಕೊಸಿತಾ ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು. ಗೋರಿ ಎಲ್ಲಿಗೂ ಓಡಿಹೋಗುತ್ತಿರಲಿಲ್ಲ, ಹಡಗು ಹೋಗುತ್ತಿತ್ತು. ಆದರೆ ಅವಳಿಗೆ ಮಗು ಎದುರಿಗೇ ವಾಸಿಯಾಗಬೇಕಿತ್ತು. ತಾನು ನೆಟ್ಟ ಗಿಡದ ತಪ್ಪು ತನ್ನ ಕಣ್ಣ ಮುಂದೆಯೇ ತೀರಬೇಕಿತ್ತು. ಪಾಂಗಾಯ್‌ನಲ್ಲಿ ಯಾರೋ ಸೂಜಿ ಚುಚ್ಚಿ ವಾಸಿ ಮಾಡಿಬಿಟ್ಟರೆ ಅಪ್ಪನಿಗೂ ತನಗೂ ನಡುವಿನ ಆ ಬಾಕಿ ಹಾಗೇ ಉಳಿದುಬಿಡುತ್ತದೆ ಅನ್ನಿಸಿತು. ಇಷ್ಟನ್ನು ಬಿಡಿಸಿ ಹೇಳಲು ಅವಳಿಗೆ ಬರಲಿಲ್ಲ. ಬಾಯಿಗೆ ಬಂದದ್ದು ಒಂದು ಕಟ್ಟಳೆ.

"ಬೇರು ಕೀಳೋ ಹೊತ್ತಲ್ಲಿ ನೋವಿನವರು ಸಮುದ್ರ ದಾಟಿರಬಾರ್ದು."

ಅಂಥ ಕಟ್ಟಳೆಯನ್ನು ನಮ್ಮ ದ್ವೀಪದಲ್ಲಿ ಯಾರೂ ಅದುವರೆಗೆ ಕೇಳಿರಲಿಲ್ಲ. ಅಕೊಸಿತಾ ಕೂಡ ಕೇಳಿರಲಿಲ್ಲ. ಆದರೆ ಹೇಳಿದವಳು ಸೋದರತ್ತೆ. ವಿಕಾ ತಲೆ ತಗ್ಗಿಸಿ ಎದ್ದು ಹೋದಳು.

ಬುಧವಾರ ಬೆಳಕು ಹರಿಯುವಾಗಲೇ ಜನ ಸೇರಿದರು. ಪಾದ್ರಿ ಪ್ರಾರ್ಥನೆ ಮಾಡಿದರು, ಹೆಂಗಸರು ಮೆಲ್ಲಗೆ ಹಾಡಿದರು. ಹೆತ್ತ ಮಕ್ಕಳು ಅಪ್ಪನ ತಲೆ ಮುಟ್ಟುವಂತಿಲ್ಲ, ಹತ್ತಿರವೂ ಹೋಗುವಂತಿಲ್ಲ. ಹಾಗಾಗಿ ಅಜ್ಜ ಮೊಸೆಸೆಯ ತಂಗಿಯ ಕಡೆಯ ಹೆನೆಲೀ ಗುಂಡಿಗಿಳಿದ. ಅಕೊಸಿತಾ ಶೋಕದ ಗುರುತಾಗಿ ಹರಿದ ಚಾಪೆಯೊಂದನ್ನು ಸೊಂಟಕ್ಕೆ ಸುತ್ತಿಕೊಂಡು ದೂರದಲ್ಲಿ ಮೊಣಕಾಲೂರಿ ಕೂತಿದ್ದಳು. ಮೆಲೆನಾಯ್ತೆಯನ್ನು ಚಾಪೆಯ ಮೇಲೆ ಮಲಗಿಸಿ, ಬಿಸಿಲು ತಾಗದಂತೆ ಬಾಳೆ ಎಲೆ ಮರೆಮಾಡಿದ್ದರು.

ಮರಳು ತೆಗೆಯುತ್ತಾ ತೆಗೆಯುತ್ತಾ ಹೆನೆಲೀ ನಿಂತ. ಹಾಡು ನಿಂತಿತು. ಅವನು ಯಾರ ಮುಖವನ್ನೂ ನೋಡದೆ, ಸಿಕ್ಕಿದೆ ಎಂದಷ್ಟೇ ಹೇಳಿದ. ಬೆರಳು ದಪ್ಪದ ಬೇರು ಅಜ್ಜನ ತಲೆಬುರುಡೆಯ ಬಲಗಣ್ಣಿನ ಗೂಡಿನೊಳಗೆ ಹೊಕ್ಕು, ಒಳಗೆ ಸುರುಳಿ ಸುತ್ತಿಕೊಂಡಿತ್ತು. ಬೇರು ಇದ್ದದ್ದು ನಿಜ. ಅಲ್ಲಿದ್ದವರೆಲ್ಲ ನೋಡಿದ್ದಾರೆ. ತಲೆಯ ಮೇಲೆ ಮರ ನೆಟ್ಟರೆ ಬೇರು ಇನ್ನೆಲ್ಲಿಗೆ ಹೋಗುತ್ತದೆ ಎಂದು ಆಮೇಲೆ ಯೋಚಿಸಬಹುದು. ಆ ಹೊತ್ತಿನಲ್ಲಿ ಗಂಡಸರೂ ಅತ್ತರು. ಅಕೊಸಿತಾ ಹಣೆಯನ್ನು ಮರಳಿಗೆ ಒತ್ತಿ, ಅಪ್ಪಾ ತಪ್ಪಾಯ್ತು, ತಪ್ಪಾಯ್ತು ಎಂದು ಗೋಳಾಡಿದಳು.

ಹೆನೆಲೀ ಬೇರು ಬಿಡಿಸಿದ. ಮೂಳೆಗಳಿಗೆ ಪರಿಮಳದ ಎಣ್ಣೆ ಹಚ್ಚಿ, ಅಕೊಸಿತಾ ತನ್ನ ಸಾವಿಗೆಂದು ಎತ್ತಿಟ್ಟುಕೊಂಡಿದ್ದ ಹೊಸ ನಾರುಬಟ್ಟೆಯಲ್ಲಿ ಸುತ್ತಿ ಮತ್ತೆ ಮಲಗಿಸಿದರು. ಮರ ಕಡಿದರು, ಬೇರನ್ನು ಸುಟ್ಟರು. ಅದೇ ಹೊತ್ತಿಗೆ ಹಡಗು ಬಂದು, ಕೊಬ್ಬರಿ ಮೂಟೆ ತುಂಬಿಕೊಂಡು ಹೊರಟಿತು. ವಿಕಾ ಗೋರಿಯ ಹತ್ತಿರ ಇರಲಿಲ್ಲ. ಅವಳು ದಡದಲ್ಲಿ ನಿಂತು ಅದು ಕಣ್ಮರೆಯಾಗುವವರೆಗೂ ನೋಡಿದಳು ಎಂದು ಮೂಟೆ ಹೊತ್ತವರು ಹೇಳುತ್ತಾರೆ.

ಮಧ್ಯಾಹ್ನ ಮಗುವಿನ ಮೂಗಿನಿಂದ ತುಂಬಾ ಕೀವು ಇಳಿಯಿತು. ಎದ್ದು ಕೂತಳು. ಹಣೆ ಹಗುರಾಗಿದೆ ಅತ್ತೆ ಅಂದಳು. ಅಕೊಸಿತಾ ಆ ಊದಿದ ಮುಖವನ್ನು ಎರಡು ಕೈಯಲ್ಲಿ ಹಿಡಿದು ಕೆನ್ನೆ, ಹಣೆ, ಕೈ ಎಲ್ಲ ಮುದ್ದಿಟ್ಟಳು. ಅಷ್ಟು ಸಂತೋಷವಾಗಿ ಅವಳನ್ನು ಯಾರೂ ನೋಡಿರಲಿಲ್ಲ. ನೆಲದ ಒಲೆಯಲ್ಲಿ ಬೇಯುತ್ತಿದ್ದ ಹಂದಿಮರಿಯನ್ನು ತೆಗೆದು, ಕೆಸುವಿನ ಗೆಡ್ಡೆಯ ಜೊತೆ ಬಡಿಸಿದರು. ಮೆಲೆನಾಯ್ತೆ ಮಾಂಸಕ್ಕೆ ಕೈ ಚಾಚಿದಳು, ಕೈ ತಟ್ಟೆಯ ಪಕ್ಕಕ್ಕೆ ಬಿತ್ತು. ಮತ್ತೆ ಚಾಚಿದಳು, ಮತ್ತೆ ಪಕ್ಕಕ್ಕೆ.

"ಅತ್ತೆ, ನಂಗೆ ಎರಡೆರಡು ಹಂದಿ ಕಾಣ್ತಿವೆ," ಅಂದಳು.

ಎಲ್ಲರೂ ನಕ್ಕರು. ಹಾಗಿದ್ರೆ ಒಂದು ನಮಗಿರಲಿ ಎಂದು ಹೆನೆಲೀ ಅಂದ, ಇನ್ನೂ ನಕ್ಕರು. ಅಕೊಸಿತಾ ಕೂಡ ಹೊಟ್ಟೆ ತುಂಬಾ ನಕ್ಕಳು. ನಗುತ್ತಲೇ ಮಾಂಸದ ತುಂಡನ್ನು ಮುರಿದು ಮಗುವಿನ ಬಾಯಿಗಿಟ್ಟಳು.

ಲವಿನಿಯಾಳ ಮಾತಿಗೂ ಆ ಎರಡು ಹಂದಿಗೂ ಇರುವ ನಂಟು ಅವಳಿಗೆ ಹೊಳೆದದ್ದು ಮರುದಿನ ಬೆಳಿಗ್ಗೆ, ಮಗುವಿನ ಮುಖ ನೋಡಿದಾಗ. ರೆಪ್ಪೆ ನೇರಳೆ ಬಣ್ಣಕ್ಕೆ ತಿರುಗಿ ಪೂರ್ತಿ ಮುಚ್ಚಿಕೊಂಡಿತ್ತು, ಕಣ್ಣುಗುಡ್ಡೆ ಹೊರಗೆ ದಬ್ಬಿದಂತೆ ಉಬ್ಬಿತ್ತು, ಮೈ ಕೆಂಡವಾಗಿತ್ತು. ಅಕೊಸಿತಾಳ ಕೈಯಲ್ಲಿದ್ದ ನೀರಿನ ಪಾತ್ರೆ ಬಿದ್ದುಹೋಯಿತು. ವಿಕಾ, ವಿಕಾ ಎಂದು ಕೂಗುತ್ತಾ ದೀವಿ ಹಲಸಿನ ಮರ ದಾಟಿ ಓಡಿದಳು.

ಪಕ್ಕದ ದ್ವೀಪದಿಂದ ಮೀನುದೋಣಿಯಲ್ಲಿ ವಾಪಸು ಬರುತ್ತಿದ್ದ ಲವಿನಿಯಾ ದಡಕ್ಕೆ ಕಾಲಿಡುವ ಮೊದಲೇ ಜನ ಎಳೆದುಕೊಂಡು ಬಂದರು. ಅವಳು ನಿಂತ ಕಾಲಲ್ಲೇ ಸೂಜಿಮದ್ದು ಕೊಟ್ಟಳು. ಅದೇ ದೋಣಿಯಲ್ಲಿ ಮಗುವನ್ನು ಮಲಗಿಸಿ ಹೊರಟರು. ಎದುರುಗಾಳಿ, ಅಲೆ ಬಂದು ಬಂದು ಒಳಗೆ ಬಡಿಯುತ್ತಿತ್ತು. ವಿಕಾ ಮಗಳ ತಲೆಯನ್ನು ತೊಡೆಯ ಮೇಲೆ ಹಿಡಿದಿದ್ದಳು. ಅಕೊಸಿತಾ ದೋಣಿಯ ನೀರನ್ನು ಡಬ್ಬದಿಂದ ಎತ್ತಿ ಎತ್ತಿ ಹೊರಗೆ ಚೆಲ್ಲುತ್ತಾ, ಮಗುವಿನ ಕಾಲಿನ ಹತ್ತಿರ ಕೂತಿದ್ದಳು.

ಪಾಂಗಾಯ್‌ನಲ್ಲಿ ವೈದ್ಯ ಊದಿದ ರೆಪ್ಪೆಯನ್ನು ಮೆಲ್ಲಗೆ ಬಿಡಿಸಿ, ಟಾರ್ಚ್ ಹಿಡಿದ. ಬೆಳಕು ಕಾಣುತ್ತಾ ಮಗು, ಎಂದು ಕೇಳಿದ.

"ಯಾವ ಬೆಳಕು?" ಅಂದಳು ಮೆಲೆನಾಯ್ತೆ.

ಅಲ್ಲಿಂದ ವಿಮಾನದಲ್ಲಿ ರಾಜಧಾನಿಗೆ ಕಳಿಸಿದರು. ಅಲ್ಲಿ ಮೂಗಿನ ಒಳಗಿನಿಂದ, ಕಣ್ಣಿನ ಮಗ್ಗುಲಿನಿಂದ ಕೊಯ್ದು ಕೀವು ತೆಗೆದರು. ಮಿದುಳಿಗೆ ಏರಿರಲಿಲ್ಲ, ಜೀವ ಉಳಿಯಿತು. ಕಣ್ಣು ಇದ್ದಲ್ಲೇ ಇತ್ತು, ನೋಟ ಹೋಗಿತ್ತು. ಎಲುಬಿನ ಕೋಣೆಯ ಕೀವು ತೆಳ್ಳನೆಯ ಗೋಡೆ ದಾಟಿ ಕಣ್ಣಿನ ಹಿಂದಕ್ಕೆ ಸೇರಿ, ನೋಟದ ನರವನ್ನು ಹಿಸುಕಿಬಿಟ್ಟಿದೆ ಎಂದು ಎಳೆಯ ವೈದ್ಯನೊಬ್ಬ ವಿವರಿಸಿದ. ಲವಿನಿಯಾ ಹೇಳಿದ್ದ ಅದೇ ಕೋಣೆ, ಅದೇ ಗೋಡೆ. ಅಕೊಸಿತಾ ಅವನನ್ನು ಒಂದೇ ಒಂದು ಕೇಳಿದಳು, ಒಂದು ದಿನ ಮುಂಚೆ ಬಂದಿದ್ದರೆ ಎಂದು. ಅವನು ಅವಳ ವಯಸ್ಸು ನೋಡಿದ, ಸೊಂಟದ ಚಾಪೆ ನೋಡಿದ, ಹೆತ್ತ ತಾಯಿ ಅವಳ ಹಿಂದೆ ತಲೆ ತಗ್ಗಿಸಿ ನಿಂತದ್ದು ನೋಡಿದ, ಮಗುವಿಗೆ ಅವಳು ಏನಾಗಬೇಕೆಂದು ಅರ್ಥ ಮಾಡಿಕೊಂಡ. ಆಮೇಲೆ ನೆಲ ನೋಡುತ್ತಾ, ಹಾಗೆಲ್ಲ ಹೇಳೋಕಾಗಲ್ಲ ಅಮ್ಮ, ಅಂದ. ಅವನೂ ಯಾರಿಗೋ ತಮ್ಮನ ಮಗನೇ ಇರಬೇಕು.

ಊರಿಗೆ ಬಂದಮೇಲೆ ಅಕೊಸಿತಾ ಬೈಗುಳಕ್ಕೆ ಕಾದಳು. ಯಾರಾದರೂ ಒಬ್ಬರು ನಿನ್ನಿಂದ ಆಯಿತು ಅನ್ನಲಿ ಎಂದು ಕಾದಳು. ಯಾರೂ ಅನ್ನಲಿಲ್ಲ. ಸ್ಯೋಸಿಫಾ ಎಂದಿನಂತೆ ಮೊದಲ ಮೀನನ್ನು ಅವಳ ಬಾಗಿಲಿಗೆ ಕಳಿಸಿದ. ದಾರಿಯಲ್ಲಿ ಸಿಕ್ಕಿದವರು ಎಂದಿನಂತೆ ಪಕ್ಕಕ್ಕೆ ಸರಿದರು. ಲವಿನಿಯಾ ಮಗುವಿನ ಮೂಗು ತೊಳೆಯಲು ಉಪ್ಪುನೀರು ಹೇಗೆ ಮಾಡಬೇಕೆಂದು ಮತ್ತೊಮ್ಮೆ ತಾಳ್ಮೆಯಿಂದ ತೋರಿಸಿಕೊಟ್ಟಳು, ಅಷ್ಟೇ. ಎದುರು ಮಾತಾಡಬಾರದ ಸ್ಥಾನದಲ್ಲಿ ಕೂತವಳಿಗೆ ಬೈಯುವವರಾದರೂ ಎಲ್ಲಿ ಸಿಗುತ್ತಾರೆ? ಆ ಸ್ಥಾನ ಎಷ್ಟು ಒಂಟಿ ಎಂದು ಅವಳಿಗೆ ಆಗ ಗೊತ್ತಾಯಿತು.

ಒಂದು ದಿನ ತಡೆಯಲಾರದೆ ಅವಳು ಹರಿದ ಚಾಪೆ ಸುತ್ತಿಕೊಂಡು, ತಲೆಗೆ ಬೂದಿ ಸುರಿದುಕೊಂಡು, ವಿಕಾಳ ಅಂಗಳದಲ್ಲಿ ಬಿಸಿಲಿಗೆ ಕೂತಳು. ತಪ್ಪು ಮಾಡಿದವರು ಅರಸರ ಮುಂದೆ ಕೂರುವ ಹಾಗೆ. ಅಕ್ಕಪಕ್ಕದ ಮನೆಯವರೆಲ್ಲ ಗಾಬರಿಯಿಂದ ನೋಡಿದರು. ವಿಕಾ ಹೊರಗೆ ಬಂದಳು.

"ಬೈದುಬಿಡು ವಿಕಾ," ಅಂದಳು ಅಕೊಸಿತಾ. "ಹೊಡಿ ಬೇಕಾದ್ರೆ. ಒಂದೇ ಒಂದು ಮಾತು ಅಂದುಬಿಡು."

ವಿಕಾ ಬಾಯಿ ತೆರೆದಳು. ಅವಳೊಳಗೆ ಇದ್ದದ್ದೆಲ್ಲ ಗಂಟಲವರೆಗೆ ಬಂದದ್ದು ಕಾಣುತ್ತಿತ್ತು. ಆಮೇಲೆ ಅವಳು ಬಗ್ಗಿ ಅಕೊಸಿತಾಳ ತೋಳು ಹಿಡಿದು ಎಬ್ಬಿಸಿದಳು. ಒಳಗೆ ಕರೆದುಕೊಂಡು ಹೋಗಿ, ಚಾಪೆಯ ಮೇಲ್ತುದಿಯಲ್ಲಿ, ಸೋದರತ್ತೆ ಕೂರುವ ಜಾಗದಲ್ಲೇ ಕೂರಿಸಿದಳು.

"ಎಳನೀರು ಕುಡೀತೀರಾ ಅಕ್ಕಾ?" ಎಂದು ಕೇಳಿದಳು.

ಅದಕ್ಕಿಂತ ಹೊಡೆದಿದ್ದರೆ ಚೆನ್ನಾಗಿತ್ತು. ಅಕೊಸಿತಾ ಎಳನೀರು ಕುಡಿದಳು. ಕುಡಿಯದಿದ್ದರೆ ಮನೆಯವರಿಗೆ ಅವಮಾನ.

ಆಮೇಲಿನ ದಿನಗಳಲ್ಲಿ ಅವಳ ಕೊಡತಿಯ ಸದ್ದು ಕಡಿಮೆಯಾಯಿತು. ಅಕ್ಕಪಕ್ಕದಲ್ಲಿ ಯಾವ ಮಗು ಸೀನಿದರೂ ಉಪ್ಪುನೀರಿನ ಲೋಟ ಹಿಡಿದು ಹೋಗುತ್ತಿದ್ದಳು. ನೆಗಡಿ ವಾರ ಮೀರಿದರೆ, ಇಳಿದು ಏರಿದರೆ, ಮಗುವನ್ನೂ ಅದರ ತಾಯಿಯನ್ನೂ ಗದರಿಸಿ ಲವಿನಿಯಾಳ ಬಾಗಿಲಿಗೆ ಅಟ್ಟುತ್ತಿದ್ದಳು. ಕೆಲವರು ಹಿಂದಿನಿಂದ ನಕ್ಕರು. ಆ ನಗು ಕಿವಿಗೆ ಬಿದ್ದಾಗ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಆದರೆ ಸಂಜೆ ಮನೆಗೆ ಬಂದರೆ ಮೆಲೆನಾಯ್ತೆ ಇರುತ್ತಿದ್ದಳು, ಬಲಗಡೆಯ ಬಾಗಿಲ ಚೌಕಟ್ಟಿಗೆ ಭುಜ ತಗುಲಿಸಿಕೊಳ್ಳುತ್ತಾ.

ಮೇ ತಿಂಗಳ ಮೊದಲ ಭಾನುವಾರ ಮಕ್ಕಳ ಹಬ್ಬ. ಮಕ್ಕಳೆಲ್ಲ ಹೊಸ ಬಿಳಿ ಬಟ್ಟೆ ಹಾಕಿಕೊಂಡು ಚರ್ಚಿನಲ್ಲಿ ಬೈಬಲಿನ ಮಾತುಗಳನ್ನು ಬಾಯಿಪಾಠ ಒಪ್ಪಿಸುವ ದಿನ. ಹಿಂದಿನ ವರ್ಷ ಆ ದಿನ ಮಗು ಆಸ್ಪತ್ರೆಯಲ್ಲಿತ್ತು. ಅವಳಿಗೆಂದು ಅತ್ತೆ ಹೊಲಿದಿದ್ದ ಬಿಳಿ ಲಂಗ ಪೆಟ್ಟಿಗೆಯಲ್ಲೇ ಉಳಿದಿತ್ತು. ಈ ವರ್ಷ ತೆಗೆದು ನೋಡಿದರೆ ಗಿಡ್ಡವಾಗಿತ್ತು. ಅಕೊಸಿತಾ ಅಂಚು ಬಿಚ್ಚಿ, ಹೊಸ ಪಟ್ಟಿ ಕೂಡಿಸಲು ಕೂತಳು. ಹಬ್ಬಕ್ಕೆ ಇನ್ನೊಂದೇ ದಿನ. ಮೆಲೆನಾಯ್ತೆ ಪಕ್ಕದಲ್ಲಿ ಕೂತು ಸೂಜಿ ದಾರ ತೆಗೆದುಕೊಂಡಳು. ಕೊಡು, ನಾನೇ ಪೋಣಿಸುತ್ತೇನೆ ಎಂದು ಅಕೊಸಿತಾ ಅಂದರೂ ಕೊಡಲಿಲ್ಲ.

"ಅತ್ತೆ, ಒಂದು ಕೇಳ್ಲಾ? ಬೈಯಬಾರ್ದು."

"ಕೇಳು."

ಹುಡುಗಿ ದಾರಕ್ಕೆ ಎಂಜಲು ಹಚ್ಚಿದಳು. "ಅಜ್ಜನ ಕಣ್ಣು ಈಗ ಸರಿ ಹೋಗಿದೆ ಅಲ್ವಾ?"

ಅಕೊಸಿತಾ ಲಂಗದ ಅಂಚನ್ನು ಕೈಯಲ್ಲಿ ಹಿಡಿದೇ ಇದ್ದಳು. ವರ್ಷವಿಡೀ ಬೈಗುಳಕ್ಕೆ ಕಾದಿದ್ದವಳು ಈ ಮಾತಿಗೆ ಸಿದ್ಧಳಾಗಿರಲಿಲ್ಲ. ತನ್ನ ಕಣ್ಣು ಹೋದರೂ ಅಜ್ಜನ ಕಣ್ಣು ಉಳಿಯಿತು ಎಂದೇ ಮಗು ಅಷ್ಟೂ ದಿನ ನಂಬಿಕೊಂಡು ಬಂದಿತ್ತು. ನಿಜ ಹೇಳಿದರೆ ಆ ನಂಬಿಕೆಯೂ ಹೋಗುತ್ತದೆ, ಕಣ್ಣಂತೂ ಬರುವುದಿಲ್ಲ.

"ಹೂಂ," ಅಂದಳು ಕೊನೆಗೆ. "ಸರಿ ಹೋಗಿದೆ."

"ಹಾಗಿದ್ರೆ ಪರ್ವಾಗಿಲ್ಲ ಬಿಡಿ," ಅಂದಳು ಮೆಲೆನಾಯ್ತೆ. ತಲೆಯನ್ನು ಬಲಕ್ಕೆ ತಿರುಗಿಸಿ, ಸೂಜಿಯನ್ನು ಮೇಲೆತ್ತಿ ಹಿಡಿದಳು. ದಾರ ಸೂಜಿಯ ಪಕ್ಕಕ್ಕೆ ಹೋಯಿತು. ಮತ್ತೆ ಎಂಜಲು ಹಚ್ಚಿ ಮತ್ತೆ ಹಿಡಿದಳು, ಮತ್ತೆ ಪಕ್ಕಕ್ಕೆ ಹೋಯಿತು. ಅಕೊಸಿತಾ ಸೂಜಿ ಕಸಿದುಕೊಳ್ಳಲಿಲ್ಲ, ಸಾಕು ಬಿಡು ಎಂದೂ ಹೇಳಲಿಲ್ಲ. ಬಿಳಿ ಬಟ್ಟೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕಾಯುತ್ತಾ ಕೂತಳು.